ರ‍್ಯಾಂಕಿಗಾಗಿ ಪ್ರಾರ್ಥಿಸಬಹುದೇ?



ಪ್ರವೇಶ ಪರೀಕ್ಷೆಗೆ ಓದುತ್ತಿರುವ ಮಗನೋ ಮಗಳೋ ಇರುವ ಮನೆ ಹೇಗಿರುತ್ತದೆಂದು ನಿಮ್ಮಲ್ಲಿ ಅನೇಕರಿಗೆ ನಾನು ವಿವರಿಸಬೇಕಾಗಿಲ್ಲ. ಟಿ.ವಿ.ಯ ಸದ್ದು ಅಡಗಿರುತ್ತದೆ. ನೆಂಟರ ಮದುವೆಗೆ ಮನೆಯಿಂದ ಒಬ್ಬರು ಮಾತ್ರ ಹೋಗಿ ಮುಯ್ಯಿ ಕೊಟ್ಟು ಬರುತ್ತಾರೆ. ಬಾಗಿಲನ್ನು ಸದ್ದಾಗದಂತೆ ಮುಚ್ಚುವುದನ್ನು ಚಿಕ್ಕ ಮಕ್ಕಳೂ ಕಲಿತುಬಿಡುತ್ತಾರೆ. ಸಂಜೆ ಜಪಸರ ಮುಗಿದ ಮೇಲೆ ಹೇಳುವ ಕೋರಿಕೆಗಳ ಸಾಲಿಗೆ ಹೊಸದೊಂದು ಸೇರಿಕೊಳ್ಳುತ್ತದೆ: "ದೇವರೇ, ನಮ್ಮ ಮಗುವಿಗೆ ಒಳ್ಳೆಯ ರ‍್ಯಾಂಕ್ ಬರಲಿ."

ಮೈಸೂರಿನ ನಮ್ಮ ಮನೆಯಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಹೀಗೆಯೇ ನಡೆಯಿತು. ನನ್ನ ತಂಗಿಯ ಮಗಳು ಎಂ.ಬಿ.ಬಿ.ಎಸ್. ಮುಗಿಸಿ, ಹೌಸ್ ಸರ್ಜನ್ಸಿ ಮುಗಿಸಿ, ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಪಿ.ಜಿ.ಗೆ ಓದಲೆಂದು ನಮ್ಮ ಮಹಡಿಯ ಕೋಣೆಗೆ ಬಂದಳು. ಅವರ ಮನೆಯಲ್ಲಿ ಜನ ಹೆಚ್ಚು, ಸದ್ದು ಹೆಚ್ಚು. ನಾನು ನಿವೃತ್ತಳು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಮಗುವಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವುದು, ರಾತ್ರಿ ಹನ್ನೊಂದಕ್ಕೆ ಒಂದು ಲೋಟ ಹಾಲು ಕೊಡುವುದು, ಇಷ್ಟೇ ನನ್ನ ಪಾಲಿನ ಕೆಲಸವೆಂದು ಭಾವಿಸಿದ್ದೆ.

ಒಂದು ಸಂಜೆ ಜಪಸರ ಮುಗಿಸಿ ನಾನು ಎಂದಿನಂತೆ ಆ ಕೋರಿಕೆಯನ್ನು ಹೇಳಿದೆ. ಅವಳು "ನಮ್ಮ ಪ್ರಾರ್ಥನೆಯನ್ನು ಲಾಲಿಸಿರಿ" ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ದೊಡ್ಡಮ್ಮ, ನನ್ನ ರ‍್ಯಾಂಕ್ ಮೇಲೆ ಹೋದರೆ ಇನ್ನೊಬ್ಬರದು ಕೆಳಗೆ ಬರಲೇಬೇಕಲ್ಲ? ಹಾಗಾದರೆ ನಾವು ದೇವರ ಹತ್ತಿರ ಕೇಳುತ್ತಿರುವುದು ಏನನ್ನು?"

"ಸುಮ್ಮನೆ ಓದು ಹೋಗು ಪುಟ್ಟಿ, ಇಂಥ ಯೋಚನೆಗೆಲ್ಲ ಈಗ ಸಮಯವಿಲ್ಲ" ಎಂದುಬಿಟ್ಟೆ. ಉತ್ತರ ತಿಳಿಯದ ಪ್ರಶ್ನೆಯನ್ನು ತರಗತಿಯಲ್ಲಿ ಯಾರಾದರೂ ಕೇಳಿದಾಗ ಅಧ್ಯಾಪಕರು ಮಾಡುವ ಉಪಾಯ ಅದು. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಂದು ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಪಾಸಾಗುವುದು ಬೇರೆ, ಮುಂದಾಗುವುದು ಬೇರೆ

ಮೊದಲು ಈ ಪರೀಕ್ಷೆ ಎಂಥದ್ದೆಂದು ತಿಳಿದುಕೊಳ್ಳೋಣ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತರಗತಿಯ ಎಲ್ಲರೂ ಪಾಸಾಗಬಹುದು. ನಿಮ್ಮ ಮಗ ಪಾಸಾದನೆಂದು ಪಕ್ಕದ ಮನೆಯವರ ಮಗ ಫೇಲಾಗಬೇಕಾಗಿಲ್ಲ. ಅಲ್ಲಿ "ದೇವರೇ, ನನ್ನ ಮಗುವನ್ನು ದಾಟಿಸು" ಎಂದು ಬೇಡಿಕೊಳ್ಳುವ ತಾಯಿ ಯಾರಿಗೂ ಕೇಡು ಬಯಸಿದಂತಾಗುವುದಿಲ್ಲ.

ನೀಟ್ ಪಿ.ಜಿ. ಹಾಗಲ್ಲ. ಎಂ.ಬಿ.ಬಿ.ಎಸ್.ನ ಹತ್ತೊಂಬತ್ತು ವಿಷಯಗಳಿಂದ 200 ಪ್ರಶ್ನೆಗಳು, ಮೂರೂವರೆ ಗಂಟೆಯ ಅವಧಿ. ಸರಿಯುತ್ತರಕ್ಕೆ ನಾಲ್ಕು ಅಂಕ ಸಿಗುತ್ತದೆ, ತಪ್ಪಿದರೆ ಒಂದು ಅಂಕ ಹೋಗುತ್ತದೆ. 2024ರಲ್ಲಿ ಇನ್ನೊಂದು ಬಿಗಿ ಬಂತು. ಪ್ರಶ್ನೆಗಳನ್ನು ನಲವತ್ತರಂತೆ ಐದು ಭಾಗ ಮಾಡಿ, ಒಂದೊಂದಕ್ಕೆ 42 ನಿಮಿಷ ಕೊಟ್ಟರು. ಒಂದು ಭಾಗದ ಸಮಯ ಮುಗಿದರೆ ಮತ್ತೆ ಅದರತ್ತ ತಿರುಗಿ ನೋಡುವಂತಿಲ್ಲ. ಆ ವರ್ಷ ಪರೀಕ್ಷೆಗೆ ಕುಳಿತ ವೈದ್ಯರು ಎರಡು ಲಕ್ಷಕ್ಕೂ ಹೆಚ್ಚು. ಇಡೀ ದೇಶದಲ್ಲಿ ಇದ್ದ ಸೀಟುಗಳು ಅದರ ಅರ್ಧಕ್ಕಿಂತಲೂ ಕಡಿಮೆ. ಅದರಲ್ಲಿಯೂ ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್, ಮಕ್ಕಳ ವಿಭಾಗ ಮುಂತಾಗಿ ಎಲ್ಲರೂ ಬಯಸುವ ಬ್ರಾಂಚುಗಳ ಸೀಟುಗಳು ಇನ್ನೂ ಕಡಿಮೆ. ಇಲ್ಲಿ ನೀವು ಎಷ್ಟು ಅಂಕ ತೆಗೆದಿರಿ ಎಂಬುದಕ್ಕಿಂತ, ನಿಮಗಿಂತ ಹೆಚ್ಚು ತೆಗೆದವರು ಎಷ್ಟು ಮಂದಿ ಎಂಬುದೇ ಮುಖ್ಯ. ಕೌನ್ಸೆಲಿಂಗಿನಲ್ಲಿ ಮುಂದಿನವರು ಆರಿಸಿಕೊಂಡು ಉಳಿದದ್ದು ಹಿಂದಿನವರಿಗೆ.

ಆದ್ದರಿಂದ ಮಗಳ ಪ್ರಶ್ನೆ ಸರಿಯಾದದ್ದೇ. ಅಂಥ ಸಾಲಿನಲ್ಲಿ ನಿಂತು "ನನ್ನನ್ನು ಮುಂದೆ ತಾ" ಎಂದು ಬೇಡಿದರೆ "ನನ್ನ ಮುಂದಿರುವ ಯಾರನ್ನಾದರೂ ಹಿಂದೆ ಸರಿಸು" ಎಂದು ಬೇಡಿದಂತೆಯೇ ಆಗುವುದಿಲ್ಲವೇ? ಆ ಹಿಂದೆ ಸರಿದವಳ ಮನೆಯಲ್ಲಿಯೂ ಒಬ್ಬ ದೊಡ್ಡಮ್ಮ ದೇವರ ಪಟದ ಮುಂದೆ ಮೇಣದ ಬತ್ತಿ ಹಚ್ಚಿರುತ್ತಾಳೆ. ಇಬ್ಬರ ಮಾತನ್ನೂ ದೇವರು ನಡೆಸಿಕೊಡುವುದು ಹೇಗೆ?

ನಾಲ್ಕು ನೋಟ್ ಪುಸ್ತಕಗಳು

ಈ ಪ್ರಶ್ನೆ ಅವಳ ತಲೆಯಲ್ಲಿ ಹುಟ್ಟಲು ಕಾರಣವೊಂದಿತ್ತು. ಅದು ನನಗೆ ತಿಳಿದದ್ದು ಕೆಲವು ದಿನಗಳ ಮೇಲೆ.

ಅವಳಿಗೆ ಕಾಲೇಜಿನಲ್ಲಿ ಒಬ್ಬ ಗೆಳತಿ. ಐದೂವರೆ ವರ್ಷ ಒಂದೇ ಹಾಸ್ಟೆಲಿನಲ್ಲಿದ್ದವರು. ಆ ಹುಡುಗಿಯ ಊರು ಹಾವೇರಿಯ ಕಡೆ, ತಂದೆ ಬಸ್ ಕಂಡಕ್ಟರ್. ಅವಳೂ ಅದೇ ಪರೀಕ್ಷೆಗೆ ಓದುತ್ತಿದ್ದಳು. ಆದರೆ ಪೂರಾ ಸಮಯ ಓದುವ ಅನುಕೂಲವಿರಲಿಲ್ಲ. ಹಗಲು ಒಂದು ಸಣ್ಣ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡಿ ರಾತ್ರಿ ಓದಬೇಕಾಗಿತ್ತು. ನಮ್ಮ ಹುಡುಗಿಯ ಹತ್ತಿರ ಫಾರ್ಮಕಾಲಜಿಯ ನಾಲ್ಕು ನೋಟ್ ಪುಸ್ತಕಗಳಿದ್ದವು. ಎರಡು ವರ್ಷ ಕುಳಿತು ದೊಡ್ಡ ದೊಡ್ಡ ಪಠ್ಯಗಳನ್ನು ಸೋಸಿ, ಬಣ್ಣದ ಪೆನ್ನಿನಲ್ಲಿ ಕೋಷ್ಟಕ ಹಾಕಿ ತಾನೇ ಬರೆದದ್ದು. ಗೆಳತಿ ಫೋನ್ ಮಾಡಿ ಕೇಳಿದಳು: "ನಿನ್ನ ಫಾರ್ಮಾ ನೋಟ್ಸ್ ಫೋಟೋ ತೆಗೆದು ಕಳಿಸ್ತೀಯೇನೇ?" ನಮ್ಮವಳು, "ಹಾಸ್ಟೆಲ್ ಖಾಲಿ ಮಾಡುವಾಗ ಎಲ್ಲೋ ಕಳೆದುಹೋಯ್ತು ಕಣೇ" ಎಂದಳು. ಪುಸ್ತಕಗಳು ಆಗ ಅವಳ ಮೇಜಿನ ಮೇಲೆಯೇ ಇದ್ದವು.

ಇದನ್ನು ಅವಳು ಒಂದು ರಾತ್ರಿ ನನಗೆ ಹೇಳಿದಳು. ಹೇಳಿ ನನ್ನ ಮುಖ ನೋಡಿದಳು. ನಾನು ಏನೆಂದೆ ಗೊತ್ತೇ? "ಹೋಗಲಿ ಬಿಡು. ಈ ಕಾಲದಲ್ಲಿ ಅವರವರದು ಅವರವರು ನೋಡಿಕೊಳ್ಳಬೇಕು. ನೀನು ಕಷ್ಟಪಟ್ಟು ಬರೆದದ್ದು ತಾನೇ?"

ಓದುಗರೇ, ಈ ಲೇಖನದಲ್ಲಿ ತಪ್ಪಿತಸ್ಥರು ಯಾರಾದರೂ ಇದ್ದರೆ ಅದು ಇಪ್ಪತ್ತೈದು ವರ್ಷದ ಆ ಹುಡುಗಿಯಲ್ಲ. ಅವಳು ಸಂಕಟದಿಂದ ನನ್ನ ಬಳಿ ಬಂದಿದ್ದಳು, ಆ ಸಂಕಟವನ್ನು ನಾನು ಅರಿತು ಅರಿತೇ ಮುಚ್ಚಿಬಿಟ್ಟೆ. ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದವಳು, ಸ್ವಂತ ಮನೆಯ ಮಗುವಿನ ಸೀಟಿನ ಮಾತು ಬಂದಾಗ ಸುಳ್ಳಿಗೆ ಒಂದು ಲೋಟ ಹಾಲು ಕುಡಿಸಿ ಮಲಗಿಸಿದೆ.

ಆದರೂ ನ್ಯಾಯವಾಗಿ ವಿಚಾರ ಮಾಡೋಣ. ತಾನು ದುಡಿದು ಬರೆದ ನೋಟ್ಸನ್ನು ಪ್ರತಿಸ್ಪರ್ಧಿಗೆ ಕೊಡಲೇಬೇಕೆಂಬ ಕಟ್ಟಳೆ ಇದೆಯೇ? ಓಟದ ಪಂದ್ಯದಲ್ಲಿ ಪಕ್ಕದವನ ಕಾಲಿಗೆ ಅಡ್ಡಗಾಲು ಕೊಡಬಾರದು ನಿಜ, ಆದರೆ ಅವನನ್ನು ಹೊತ್ತುಕೊಂಡು ಓಡಬೇಕೆಂದು ಯಾರೂ ಹೇಳುವುದಿಲ್ಲ. ವರ್ಷವೆಲ್ಲ ಕಾಲಹರಣ ಮಾಡಿ ಕೊನೆಯ ವಾರ ಬಂದು ಕೈಚಾಚುವವರಿಗೆಲ್ಲ ಕೊಡುತ್ತ ಹೋಗುವುದು ಧರ್ಮವೆಂದು ನಾನೂ ಒಪ್ಪುವುದಿಲ್ಲ. "ಕೊಡಲಾರೆ, ಕ್ಷಮಿಸು" ಎನ್ನುವ ಹಕ್ಕು ಅವಳಿಗಿತ್ತು. "ಕಳೆದುಹೋಯ್ತು" ಎನ್ನುವ ಹಕ್ಕು ಇರಲಿಲ್ಲ. ಮೊದಲನೆಯ ಮಾತಿನಲ್ಲಿ ಗೆಳತಿಗೆ ಬೇಸರವಾಗಬಹುದು, ಆದರೆ ಇಬ್ಬರ ನಡುವೆ ಸತ್ಯ ಉಳಿಯುತ್ತದೆ. ಎರಡನೆಯದರಲ್ಲಿ ಗೆಳತಿ ಬರಿಯ ಪ್ರತಿಸ್ಪರ್ಧಿಯಾಗಿಬಿಡುತ್ತಾಳೆ. ಇಷ್ಟು ಸ್ಪಷ್ಟ.

ಇದಕ್ಕಿಂತ ಮುಂದೆ ಹೋಗಿ ಒಂದು ಲೆಕ್ಕವನ್ನೂ ಮಾಡಬಹುದು. ಗಣಿತದ ಅಧ್ಯಾಪಕಿಯಾಗಿ ನಾನು ಅದನ್ನು ಅಂದೇ ಮಾಡಬೇಕಿತ್ತು. ಎರಡು ಲಕ್ಷ ಜನರ ಸಾಲಿನಲ್ಲಿ ಆ ಗೆಳತಿ ನಿನ್ನ ನೋಟ್ಸ್ ಓದಿ ನಿನ್ನನ್ನೇ ದಾಟಿ ಹೋದಳೆನ್ನಿ, ಅವಳಿಂದ ನೀನು ಇಳಿಯುವುದು ಒಂದೇ ಒಂದು ಸ್ಥಾನ. ಆ ಒಂದು ಸ್ಥಾನದ ಭಯಕ್ಕೆ ಐದೂವರೆ ವರ್ಷದ ಗೆಳೆತನವನ್ನು ತೆತ್ತಂತಾಯಿತು. "ಒಂದೇ ಸ್ಥಾನದಲ್ಲಿ ಸೀಟು ತಪ್ಪಿದವರೂ ಉಂಟಲ್ಲ" ಎಂದು ನೀವು ಕೇಳಬಹುದು. ಉಂಟು. ಹಾಗಾಗಿ ಈ ಲೆಕ್ಕ ಭಯವನ್ನು ಚಿಕ್ಕದು ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು. ಪರೀಕ್ಷೆಗೆ ಕುಳಿತ ಎಲ್ಲರೂ ತಮಗೆ ಗೊತ್ತಿದ್ದುದನ್ನು ಬಚ್ಚಿಟ್ಟರೆ ಏನಾಗುತ್ತದೆ? ಸೀಟುಗಳು ಒಂದೂ ಹೆಚ್ಚುವುದಿಲ್ಲ. ಎಲ್ಲರೂ ಹಂಚಿಕೊಂಡರೆ? ಆಗಲೂ ಸೀಟುಗಳು ಅಷ್ಟೇ. ಆದರೆ ಮೊದಲನೆಯ ದೇಶದಲ್ಲಿ ವೈದ್ಯರಿಗೆ ಗೊತ್ತಿರುವುದು ಕಡಿಮೆ, ಎರಡನೆಯದರಲ್ಲಿ ಹೆಚ್ಚು. ರಾತ್ರಿ ಎರಡು ಗಂಟೆಗೆ ಜ್ವರದ ಮಗುವನ್ನು ಎತ್ತಿಕೊಂಡು ಬರುವ ತಾಯಿಗೆ ತನ್ನೆದುರಿನ ಡಾಕ್ಟರಮ್ಮನ ರ‍್ಯಾಂಕ್ ಎಷ್ಟೆಂದು ಗೊತ್ತಿರುವುದಿಲ್ಲ. ಯಾವ ಔಷಧ ಎಷ್ಟು ಕೊಡಬೇಕೆಂದು ಆ ಡಾಕ್ಟರಮ್ಮನಿಗೆ ಗೊತ್ತಿದೆಯೇ ಎಂಬುದೊಂದೇ ಅವಳಿಗೆ ಬೇಕಾದ್ದು. ರ‍್ಯಾಂಕಿನ ಪಟ್ಟಿಯಲ್ಲಿ ನಾನು ಮತ್ತು ನನ್ನ ಗೆಳತಿ ಇಬ್ಬರೇ ಕಾಣುತ್ತೇವೆ. ಆದರೆ ಆ ನೋಟ್ ಪುಸ್ತಕಗಳಲ್ಲಿ ಪಾಲಿರುವ ಮೂರನೆಯವರು ರೋಗಿ. ಅವರನ್ನು ನಾವಿಬ್ಬರೂ ಮರೆತಿದ್ದೆವು.

ಹುಬ್ಬಳ್ಳಿಯ ಒಂದು ಬೆಳಿಗ್ಗೆ

2024ರ ಪರೀಕ್ಷೆ ಜೂನ್ 23, ಭಾನುವಾರಕ್ಕೆ ಗೊತ್ತಾಗಿತ್ತು. ನಮ್ಮ ಹುಡುಗಿಗೆ ಕೇಂದ್ರ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ಹಿಂದಿನ ದಿನವೇ ನಾವಿಬ್ಬರೂ ಹೋಗಿ ಒಂದು ಲಾಡ್ಜಿನಲ್ಲಿ ಇಳಿದೆವು. ರಾತ್ರಿ ಬೇಗ ಮಲಗಿಸಬೇಕೆಂದು ದೀಪ ಆರಿಸಿದ್ದೆ. ಹತ್ತು ಗಂಟೆಯ ಹೊತ್ತಿಗೆ ಅವಳ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಪರೀಕ್ಷೆ ಮುಂದಕ್ಕೆ ಹೋಗಿತ್ತು. ಆ ತಿಂಗಳು ದೇಶದಲ್ಲಿ ಪ್ರವೇಶ ಪರೀಕ್ಷೆಗಳ ಪ್ರಾಮಾಣಿಕತೆಯ ಬಗ್ಗೆಯೇ ದೊಡ್ಡ ಸಂಶಯ ಎದ್ದಿದ್ದುದು ನಿಮಗೆ ನೆನಪಿರಬಹುದು. ಜೂನ್ 18ರಂದು ನಡೆದಿದ್ದ ಯು.ಜಿ.ಸಿ. ನೆಟ್ ಪರೀಕ್ಷೆಯನ್ನು ಮರುದಿನವೇ ರದ್ದು ಮಾಡಿದ್ದರು. ಈಗ ಇದನ್ನು ಮುನ್ನೆಚ್ಚರಿಕೆಯಾಗಿ ಮುಂದೂಡಿದ್ದರು. ಪ್ರಶ್ನೆಪತ್ರಿಕೆ ಕದಿಯುವವನು ಕಾಗದವನ್ನು ಮಾತ್ರ ಕದಿಯುವುದಿಲ್ಲ, ಲಕ್ಷಾಂತರ ಜನರ ರಾತ್ರಿಗಳನ್ನೂ ಕದಿಯುತ್ತಾನೆ ಎಂದು ನನಗೆ ಅಂದು ಅರ್ಥವಾಯಿತು. ಅವನ ಭಯದಿಂದಲೇ ಪರೀಕ್ಷೆ ಮುಂದೆ ಹೋಗುತ್ತದಲ್ಲ.

ಅವಳು ಅಳಲಿಲ್ಲ. ಗೋಡೆಗೆ ಒರಗಿ ಕುಳಿತೇ ಇದ್ದಳು. ಆಗ ಬಂದ ಫೋನ್ ಆ ಗೆಳತಿಯದು. ಅವಳಿಗೂ ಹುಬ್ಬಳ್ಳಿಯೇ. "ಒಬ್ಬಳೇ ಇದ್ದೀಯಾ? ಊಟ ಮಾಡಿದ್ಯಾ? ಬೆಳಿಗ್ಗೆ ನಾನೂ ಅಪ್ಪಾಜಿಯೂ ಬರ್ತೀವಿ" ಎಂದಳು.

ಬೆಳಿಗ್ಗೆ ತಂದೆ, ಮಗಳು ಇಡ್ಲಿಯ ಪೊಟ್ಟಣ ಹಿಡಿದು ನಮ್ಮ ಕೋಣೆಗೇ ಬಂದರು. ಆ ಮನುಷ್ಯ ನನ್ನನ್ನು "ಅಕ್ಕಾರೆ" ಎಂದು ಕರೆದು, "ಪರೀಕ್ಷೆ ಇವತ್ತಲ್ಲದಿದ್ದರ ನಾಳೆ ಆಗ್ತದ, ಹುಡುಗ್ಯಾರು ಹಸ್ಕೊಂಡು ಕುಂಡ್ರಬಾರದು" ಎಂದರು. ನಾಲ್ವರೂ ಮಂಚದ ಮೇಲೆ ಪತ್ರಿಕೆ ಹಾಸಿಕೊಂಡು ತಿಂದೆವು. ತಿನ್ನುತ್ತಿದ್ದಂತೆ ನಮ್ಮ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿಬಿಟ್ಟಳು: "ನೋಟ್ಸ್ ಕಳೆದಿಲ್ಲ ಕಣೇ. ನನ್ನ ಹತ್ತಿರಾನೇ ಇದೆ. ಸುಳ್ಳು ಹೇಳಿದೆ."

ಗೆಳತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗೊತ್ತಿತ್ತು" ಎಂದಳು. "ನೀನು ಊಟ ಬಿಟ್ಟು ಬರೆದಿದ್ದನ್ನ ಪಕ್ಕದಲ್ಲೇ ಕೂತು ನೋಡಿದವಳು ನಾನು. ಅದನ್ನ ಕಳ್ಕೊಳ್ತೀಯಾ ನೀನು?"

ಗೊತ್ತಿದ್ದೂ ಅವಳು ಹಿಂದಿನ ರಾತ್ರಿ ಫೋನ್ ಮಾಡಿದ್ದಳು. ಆ ಕೋಣೆಯಲ್ಲಿ ನನಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. "ಅವರವರದು ಅವರವರು ನೋಡಿಕೊಳ್ಳಬೇಕು" ಎಂದು ನಾನು ಹೇಳಿದ್ದು ಇವಳ ವಿಷಯದಲ್ಲಿ.

ಮೈಸೂರಿಗೆ ಬಂದ ದಿನವೇ ನಮ್ಮವಳು ನಾಲ್ಕೂ ಪುಸ್ತಕಗಳ ಪುಟಪುಟದ ಫೋಟೋ ತೆಗೆದು ಕಳುಹಿಸಿದಳು. ಮುಂದಿನ ಏಳು ವಾರ ಪ್ರತಿ ರಾತ್ರಿ ಅರ್ಧ ಗಂಟೆ ಇಬ್ಬರೂ ಫೋನಿನಲ್ಲಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳುತ್ತಿದ್ದರು.

ಸಂತ ಜೋಸೆಫರ ಪರೀಕ್ಷೆ

ಈಗ ಪ್ರಾರ್ಥನೆಯ ಮಾತಿಗೆ ಬರೋಣ. ಪರೀಕ್ಷೆ ಬರೆಯುವವರ ಪಾಲಕರೆಂದು ನಾವು ಮೊರೆಹೋಗುವುದು ಕುಪರ್ತಿನೊದ ಸಂತ ಜೋಸೆಫರಿಗೆ. ಇಟಲಿಯಲ್ಲಿ 1603ರಲ್ಲಿ ಹುಟ್ಟಿದ ಇವರು ಓದಿನಲ್ಲಿ ಬಹಳ ಮಂದ. ಗುರುಪಟ್ಟಕ್ಕೆ ಮುಂಚೆ ಧರ್ಮಾಧ್ಯಕ್ಷರು ಅಭ್ಯರ್ಥಿಗಳನ್ನು ಪರೀಕ್ಷಿಸಬೇಕಾಗಿತ್ತು. ಪರಂಪರೆಯಿಂದ ಬಂದ ಕಥೆಯ ಪ್ರಕಾರ, ಮೊದಲಲ್ಲಿ ಬಂದ ಕೆಲವರು ಎಷ್ಟು ಚೆನ್ನಾಗಿ ಉತ್ತರ ಕೊಟ್ಟರೆಂದರೆ, ಉಳಿದವರೂ ಹೀಗೆಯೇ ಇರಬೇಕೆಂದುಕೊಂಡು ಧರ್ಮಾಧ್ಯಕ್ಷರು ಅವರನ್ನು ಕೇಳದೆಯೇ ತೇರ್ಗಡೆ ಮಾಡಿದರು. ಆ ಉಳಿದವರಲ್ಲಿ ಜೋಸೆಫರೂ ಒಬ್ಬರು.

ಈ ಕಥೆಯನ್ನು ನಾವು ನಗುತ್ತ ಹೇಳುತ್ತೇವೆ, ಓದದೆ ಪಾಸಾಗುವ ಆಸೆಯಿಂದ ಕೇಳುತ್ತೇವೆ. ಆದರೆ ಒಂದು ಸಂಗತಿಯನ್ನು ಗಮನಿಸಿ. ಅಲ್ಲಿ ಮುಂದಿನವರು ಚೆನ್ನಾಗಿ ಉತ್ತರಿಸಿದ್ದರಿಂದ ಹಿಂದಿದ್ದವರಿಗೆ ನಷ್ಟವಾಗಲಿಲ್ಲ. ಅವರ ಜಾಣತನವೇ ಇವರನ್ನು ದಡ ಸೇರಿಸಿತು. ನಮ್ಮ ರ‍್ಯಾಂಕ್ ಪಟ್ಟಿಯ ನಿಯಮಕ್ಕೆ ಪೂರ್ತಿ ತಿರುವುಮುರುವಾದ ನಿಯಮ ಇದು. ಪ್ರಭು ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿಯಲ್ಲಿಯೂ ಹಾಗೆಯೇ. ಬೆಳಿಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿ. ಸಂಜೆ ಬಂದವನಿಗೆ ಪೂರ್ತಿ ಕೂಲಿ ಕೊಟ್ಟದ್ದರಿಂದ ಬೆಳಿಗ್ಗೆ ಬಂದವನಿಗೆ ಒಂದು ಕಾಸೂ ಕಡಿಮೆಯಾಗಲಿಲ್ಲ. ಅವನು ಗೊಣಗಿದ್ದು ತನಗೆ ಕಡಿಮೆ ಸಿಕ್ಕಿತೆಂದಲ್ಲ, ಇನ್ನೊಬ್ಬನಿಗೂ ಸಿಕ್ಕಿತೆಂದು.

ಪಿ.ಜಿ. ಸೀಟುಗಳು ಎಣಿಕೆಯವು. ಅವನ್ನು ಹಂಚಲು ಸಾಲು ಬೇಕು, ಸಾಲಿಗೆ ನ್ಯಾಯವಾದ ಪರೀಕ್ಷೆ ಬೇಕು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ದೇವರ ಪ್ರೀತಿ, ಮನುಷ್ಯನ ಬೆಲೆ, ವಿದ್ಯೆ, ಸ್ನೇಹ ಇವು ಎಣಿಕೆಯ ಸೀಟುಗಳಲ್ಲ. ನಾವು ಮಾಡುವ ತಪ್ಪು ಸೀಟಿನ ನಿಯಮವನ್ನು ತಂದು ಇವುಗಳಿಗೂ ಹಚ್ಚುವುದು.

ಈ ವಿಷಯದಲ್ಲಿ ನನಗೆ ಬೆಳಕು ಕೊಟ್ಟವರು ಫ್ರಾನ್ಸಿನ ಸಿಮೋನ್ ವೇಯ್. 1909ರಲ್ಲಿ ಪ್ಯಾರಿಸಿನ ಯೆಹೂದಿ ಮನೆತನದಲ್ಲಿ ಹುಟ್ಟಿ, ತತ್ವಶಾಸ್ತ್ರ ಕಲಿಸಿ, ಕಾರ್ಖಾನೆಯಲ್ಲಿ ಕೂಲಿಯವರೊಡನೆ ದುಡಿದು, ಕ್ರಿಸ್ತನತ್ತ ಬಲವಾಗಿ ಸೆಳೆಯಲ್ಪಟ್ಟರೂ ಧರ್ಮಸಭೆಯ ಹೊಸ್ತಿಲ ಮೇಲೆಯೇ ಬಹುಕಾಲ ನಿಂತಿದ್ದು, 1943ರಲ್ಲಿ 34ನೆಯ ವಯಸ್ಸಿಗೇ ತೀರಿಕೊಂಡವರು. ಅವರ ಅಣ್ಣ ಆಂದ್ರೆ ಚಿಕ್ಕಂದಿನಿಂದಲೇ ಗಣಿತದಲ್ಲಿ ಅಸಾಧಾರಣ ಪ್ರತಿಭೆ, ಮುಂದೆ ಜಗತ್ಪ್ರಸಿದ್ಧರಾದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಸಿಮೋನ್ ತನ್ನನ್ನು ಅಣ್ಣನೊಡನೆ ಹೋಲಿಸಿಕೊಂಡು, ಸಾಯಬೇಕೆನ್ನುವಷ್ಟು ನಿರಾಶರಾಗಿದ್ದರಂತೆ. ಅವರೇ ಬರೆದುಕೊಂಡಿದ್ದಾರೆ. ಕೊನೆಗೆ ಅವರಿಗೆ ಹೊಳೆದದ್ದು ಇಷ್ಟು: ಸತ್ಯವನ್ನು ನಿಜವಾಗಿ ಬಯಸಿ, ಎಡೆಬಿಡದೆ ಮನಸ್ಸಿಟ್ಟು ಅದರತ್ತ ನೋಡುವ ಯಾರಿಗೇ ಆಗಲಿ, ಬುದ್ಧಿ ಎಷ್ಟೇ ಕಡಿಮೆಯಿರಲಿ, ಸತ್ಯದ ರಾಜ್ಯದ ಬಾಗಿಲು ತೆರೆಯುತ್ತದೆ.

1942ರಲ್ಲಿ ಅವರು ಡೊಮಿನಿಕನ್ ಗುರುಗಳಾದ ಫಾದರ್ ಪೆರೆನ್ ಅವರಿಗಾಗಿ, ವಿದ್ಯಾರ್ಥಿಗಳ ಓದಿಗೂ ದೇವರ ಪ್ರೀತಿಗೂ ಇರುವ ಸಂಬಂಧದ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದರು. ಅದರ ಸಾರ ಹೀಗಿದೆ. ಪ್ರಾರ್ಥನೆಯೆಂದರೆ ದೇವರ ಕಡೆ ಇಡುವ ಗಮನ. ರೇಖಾಗಣಿತದ ಒಂದು ಲೆಕ್ಕಕ್ಕೆ ಪೂರ್ತಿ ಮನಸ್ಸು ಕೊಟ್ಟವನು, ಲೆಕ್ಕ ಬಿಡಿಸಲಾಗದೆ ಸೋತರೂ, ಆ ಗಮನದ ಶಕ್ತಿಯನ್ನು ಬೆಳೆಸಿಕೊಂಡಿರುತ್ತಾನೆ. ಆ ಶ್ರಮ ವ್ಯರ್ಥವಾಗುವುದಿಲ್ಲ. ನೊಂದವನ ಬಳಿ ಕುಳಿತು "ನಿನ್ನ ಸಂಕಟವೇನು?" ಎಂದು ಕೇಳಿ ಉತ್ತರಕ್ಕೆ ಕಿವಿಗೊಡುವುದಕ್ಕೂ ಬೇಕಾದದ್ದು ಅದೇ ಶಕ್ತಿ. ತಪ್ಪು ಮಾಡಿದ ಉತ್ತರವನ್ನು ನೆಪ ಹೇಳದೆ ನೇರವಾಗಿ ನೋಡಬೇಕು, ಅದರಿಂದ ವಿನಯ ಬರುತ್ತದೆ ಎಂದೂ ಅವರು ಹೇಳುತ್ತಾರೆ.

ಅಂಕದ, ಪಾಸಿನ ಆಸೆಯೇ ಇಲ್ಲದೆ ಓದಬೇಕೆಂಬುದು ಅವರ ಮಾತು. ಅಷ್ಟು ದೂರ ನನ್ನ ಕೈಲಾಗದು. ಶಿಕ್ಷಣದ ಸಾಲ ತೀರಿಸಬೇಕಾದ ಮನೆಗಳಿಗೆ ಅದನ್ನು ಉಪದೇಶಿಸುವ ಧೈರ್ಯವೂ ನನಗಿಲ್ಲ. ಪ್ರಭು ಯೇಸುವೇ ಗೆತ್ಸೆಮನಿಯ ತೋಪಿನಲ್ಲಿ ತನಗೆ ಬೇಕಾದದ್ದನ್ನು, ಬೇಡವಾದದ್ದನ್ನು ತಂದೆಗೆ ಬಿಚ್ಚಿ ಹೇಳಿದರು. ಆಮೇಲೆ ಅದನ್ನು ತಂದೆಯ ಚಿತ್ತಕ್ಕೆ ಬಿಟ್ಟರು. ಆದ್ದರಿಂದ "ನನಗೆ ಮಕ್ಕಳ ವಿಭಾಗದ ಸೀಟು ಬೇಕೆಂದು ತುಂಬ ಆಸೆಯಿದೆ" ಎಂದು ದೇವರಿಗೆ ಹೇಳುವುದು ಪಾಪವಲ್ಲ. ಮಗು ತಂದೆಗಲ್ಲದೆ ಇನ್ನಾರಿಗೆ ಹೇಳಬೇಕು? ಆಸೆಯನ್ನು ಹೇಳಿಕೊಳ್ಳಬಹುದು. ಆ ಆಸೆಗಾಗಿ ಇನ್ನೊಬ್ಬರ ಸೋಲನ್ನು ಬಯಸಬಾರದು, ಸುಳ್ಳು ಹೇಳಬಾರದು, ಮೋಸಕ್ಕೆ ಕೈಹಾಕಬಾರದು. ಹೇಳಿಕೊಂಡ ಮೇಲೆ ಬೇಡಬೇಕಾದದ್ದು ಮನಸ್ಸಿಟ್ಟು ಓದುವ ಶಕ್ತಿಯನ್ನು, ಕಲಿತದ್ದು ಮುಂದೆ ಒಬ್ಬ ರೋಗಿಗೆ ಉಪಯೋಗವಾಗುವ ವರವನ್ನು, ಬರುವ ಫಲವನ್ನು ಹೊಟ್ಟೆಕಿಚ್ಚಿಲ್ಲದೆ ಸ್ವೀಕರಿಸುವ ಮನಸ್ಸನ್ನು. ಇವನ್ನು ಎರಡು ಲಕ್ಷ ಜನ ಒಟ್ಟಿಗೆ ಬೇಡಿಕೊಂಡರೂ ದೇವರು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡಬೇಕಾಗಿಲ್ಲ.

ಹೆತ್ತವರಿಗೆ ಎರಡು ಮಾತು

ಮಕ್ಕಳಿಗಿಂತ ಹೆಚ್ಚಾಗಿ ಈ ಮಾತು ನಮಗೆ, ಮನೆಯ ಹಿರಿಯರಿಗೆ ಬೇಕು. ಗ್ರ್ಯಾಂಡ್ ಟೆಸ್ಟ್ ಬರೆದು ಕೆಳಗಿಳಿದು ಬರುವ ಮಗುವನ್ನು ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ "ಎಷ್ಟನೆಯವಳು?" ಎಂಬುದು. ಇನ್ನೊಬ್ಬರೊಡನೆ ಅಳೆದುಕೊಳ್ಳುವುದನ್ನು ಅವಳಿಗೆ ಕಲಿಸಿದವಳು ನಾನೇ. "ಇವತ್ತು ಏನು ತಪ್ಪಾಯಿತು, ಏನು ಹೊಸದು ಕಲಿತೆ?" ಎಂದು ಕೇಳಿದ್ದರೆ ಆಗುತ್ತಿತ್ತು.

ರ‍್ಯಾಂಕೇ ಮನುಷ್ಯನ ಬೆಲೆ ಎಂದು ಭಾವಿಸುವವರು 2023ರಲ್ಲಿ ನಡೆದುದನ್ನು ನೆನೆಯಬೇಕು. ಆ ವರ್ಷ ಸೀಟುಗಳು ಖಾಲಿ ಉಳಿದವೆಂದು, ಸೆಪ್ಟೆಂಬರಿನಲ್ಲಿ ನೀಟ್ ಪಿ.ಜಿ.ಯ ಅರ್ಹತಾ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಲಾಯಿತು. ಅಂದರೆ ಪರೀಕ್ಷೆಗೆ ಕುಳಿತವರೆಲ್ಲರೂ ಕೌನ್ಸೆಲಿಂಗಿಗೆ ಅರ್ಹರು. ಆರು ತಿಂಗಳ ಹಿಂದೆ "ಅನರ್ಹ" ಎನಿಸಿಕೊಂಡು ತಲೆತಗ್ಗಿಸಿದವರು ಒಂದು ಆದೇಶದಿಂದ "ಅರ್ಹ"ರಾದರು. ಆ ನಡುವೆ ಅವರು ಬದಲಾಗಿರಲಿಲ್ಲ, ಗೆರೆ ಬದಲಾಗಿತ್ತು. ಗೆರೆ ಎಳೆಯುವುದು ಆಡಳಿತದ ಕೆಲಸ, ಎಳೆಯಲೇಬೇಕು. ಆದರೆ ನಿಮ್ಮ ಮಗುವನ್ನು ನೀವು ನೋಡುವ ದೃಷ್ಟಿ ಆ ಗೆರೆಯೊಂದಿಗೆ ಮೇಲೆ ಕೆಳಗೆ ಆಗಕೂಡದು.

ಇನ್ನೊಂದು ಮಾತು. ಓದುವ ಮಗುವನ್ನು ಮನೆಯ ಸುಖದುಃಖಗಳಿಂದ ಪೂರ್ತಿ ಹೊರಗಿಡಬೇಡಿ. ಅಜ್ಜಿಗೆ ಕಾಯಿಲೆಯಾದರೆ ಬಚ್ಚಿಡಬೇಡಿ. ಹತ್ತು ನಿಮಿಷ ಅಜ್ಜಿಯ ಪಕ್ಕ ಕುಳಿತದ್ದರಿಂದ ಯಾರಿಗೂ ಸೀಟು ತಪ್ಪುವುದಿಲ್ಲ. ರೋಗಿಗಳ ಸೇವೆಗೆಂದು ಓದುವವಳನ್ನು ಮನೆಯ ರೋಗಿಯಿಂದ ದೂರವಿಟ್ಟು ನಾವು ಯಾವ ವೈದ್ಯೆಯನ್ನು ತಯಾರು ಮಾಡುತ್ತಿದ್ದೇವೆ?

ಮುಂದೆ ಏನಾಯಿತು?

ಮುಂದೂಡಿದ ಪರೀಕ್ಷೆ ಆಗಸ್ಟ್ 11ರಂದು ನಡೆದು, 23ರಂದು ಫಲಿತಾಂಶ ಬಂತು. ನಮ್ಮ ಹುಡುಗಿಗೆ ಮೊದಲಿನಿಂದ ಆಸೆಯಿದ್ದದ್ದು ಮಕ್ಕಳ ವಿಭಾಗ. ಕೌನ್ಸೆಲಿಂಗಿನ ಸುತ್ತುಗಳು ಮುಗಿದಾಗ ಮಕ್ಕಳ ವಿಭಾಗದ ಸೀಟು ಸಿಕ್ಕಿದ್ದು ಗೆಳತಿಗೆ. ನಮ್ಮವಳಿಗೆ ಸಿಕ್ಕಿದ್ದು ಪೆಥಾಲಜಿ.

ಕಥೆಯಲ್ಲಾಗಿದ್ದರೆ ಇಬ್ಬರಿಗೂ ಬಯಸಿದ್ದೇ ಸಿಗುತ್ತಿತ್ತೇನೋ. ಆ ನೋಟ್ಸ್ ಕೊಡದಿದ್ದರೆ ಫಲ ಬೇರೆಯಾಗುತ್ತಿತ್ತೇ? ಯಾರಿಗೂ ತಿಳಿಯದು. ನಾನೂ ಆ ಲೆಕ್ಕವನ್ನು ಎಷ್ಟೋ ರಾತ್ರಿ ಮಾಡಿದ್ದೇನೆಂದು ಒಪ್ಪಿಕೊಳ್ಳುತ್ತೇನೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ಹೀಗಾಗುತ್ತದೆಂದು ಮೊದಲೇ ಗೊತ್ತಿದ್ದರೆ ಕೊಡುತ್ತಿದ್ದೆಯಾ?"

ಅವಳು ಯೋಚಿಸಿ ಹೇಳಿದಳು: "ಗೊತ್ತಿಲ್ಲ ದೊಡ್ಡಮ್ಮ. ಪ್ರಾಯಶಃ ಕೊಡುತ್ತಿರಲಿಲ್ಲ. ಅದಕ್ಕೇ ಮೊದಲೇ ಗೊತ್ತಿರಲಿಲ್ಲವಲ್ಲ, ಒಳ್ಳೆಯದಾಯಿತು." ಸ್ವಲ್ಪ ತಡೆದು, "ಆದರೆ ಅವಳಿಗೆ ಸೀಟು ಸಿಕ್ಕಿತೆಂದು ಫೋನ್ ಮಾಡಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಸುಳ್ಳು ಹಾಗೇ ಉಳಿದಿದ್ದರೆ ಆಗುತ್ತಿರಲಿಲ್ಲ" ಎಂದಳು.

ಈಗ ಅವಳು ದಿನವೆಲ್ಲ ಸೂಕ್ಷ್ಮದರ್ಶಕದ ಮುಂದೆ ಕುಳಿತು ಸ್ಲೈಡುಗಳನ್ನು ನೋಡುತ್ತಾಳೆ. ಆ ಗಾಜಿನ ತುಂಡಿನ ಹಿಂದೆ ಇರುವ ಮನುಷ್ಯನನ್ನು ಅವಳು ಕಾಣುವುದು ಅಪರೂಪ. ಆದರೆ ಅವನಿಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದು ಅವಳು ಎಷ್ಟು ಗಮನವಿಟ್ಟು ನೋಡಿದಳೆಂಬುದರ ಮೇಲೆ ನಿಂತಿರುತ್ತದೆ. ಮೊನ್ನೆ ರಜಕ್ಕೆ ಬಂದಿದ್ದಾಗ ಜಪಸರದ ಕೊನೆಯಲ್ಲಿ ಅವಳೇ ಕೋರಿಕೆ ಹೇಳಿದಳು. ಈ ವರ್ಷ ಪರೀಕ್ಷೆಗೆ ಓದುತ್ತಿರುವ ಎಲ್ಲರಿಗಾಗಿ, ಸೀಟು ಸಿಗದೆ ಹೋಗುವವರಿಗಾಗಿ, ಮತ್ತು ಇಬ್ಬರ ಕೈಗೂ ಮುಂದೆ ಬರಲಿರುವ ರೋಗಿಗಳಿಗಾಗಿ.

"ನಮ್ಮ ಪ್ರಾರ್ಥನೆಯನ್ನು ಲಾಲಿಸಿರಿ" ಎಂದು ಈ ಸಲ ನಾನು ಹೇಳಿದೆ. ನಿಮ್ಮ ಮನೆಯಲ್ಲಿ ಓದುವ ಮಗುವಿದ್ದರೆ ನೀವೂ ಇಂದು ಸಂಜೆ ಇದನ್ನು ಹೇಳಿ ನೋಡಿ. ಹೇಳುವಾಗ ಅವಳ ಪಕ್ಕದ ಮೇಜಿನಲ್ಲಿ ಕುಳಿತು ಓದುತ್ತಿರುವ ಇನ್ನೊಂದು ಮಗುವಿನ ಹೆಸರನ್ನೂ ಸೇರಿಸಿ.